ಭೀಮಸೇನನ ಚುಟ್ಟಾ

ಕಳೆದ ವೈಶಾಖಮಾಸದಲ್ಲಿ ಚಿಂತಾಮಣಿಯಲ್ಲಿ ನಡೆದ ಬಂಧುಗಳ ಮನೆಯ ವಿವಾಹವೊಂದಕ್ಕೆ ನಾವು ಹೋಗಿದ್ದೆವು. ಭೋಜನವು ಮುಗಿದ ತರುವಾಯ ವೃದ್ಧರೆಲ್ಲರೂ ಛತ್ರದ ಹಿಂಬದಿಯ ಹೊಂಗೆಯ ನೆರಳಿನಲ್ಲಿ ತಾಂಬೂಲವನ್ನು ಮೆಲ್ಲುತ್ತ ಕುಳಿತಿದ್ದರು. ಅವರಲ್ಲಿ ಒಬ್ಬರು ಪಂಚೆಯ ಸೆಕ್ಕಿನಿಂದ ಚುಟ್ಟಾ ಒಂದನ್ನು ತೆಗೆದು ಹೊತ್ತಿಸಿದರು. ಪಕ್ಕದಲ್ಲಿ ನಿಂತಿದ್ದ ಮೊಮ್ಮಗನು, "ತಾತ, ಡಾಕ್ಟರು ಬೇಡವೆಂದು ಹೇಳಿದ್ದಾರಲ್ಲ" ಎಂದು ಆಕ್ಷೇಪಿಸಿದನು. ತಾತನವರು ಹೊಗೆಯನ್ನು ಮೇಲಕ್ಕೆ ಬಿಟ್ಟು, ಕಣ್ಣು ಅರೆಮುಚ್ಚಿ, ಬಹು ಗಂಭೀರವಾಗಿ ಒಂದು ಶ್ಲೋಕವನ್ನು ಹೇಳಿದರು:

ಭುಕ್ತ್ವಾನ್ನಶಕಟಂ ಕೃತ್ಸ್ನಂ ಹತ್ವಾ ಚೈವ ಬಕಾಸುರಮ್ |
ಶಿಲಾಯಾಮುಪವಿಶ್ಯಾಥ ಭೀಮೋ ಧೂಮಂ ಪಪೌ ಸುಖಮ್ ||

ಬಂಡಿಯ ಅನ್ನವನ್ನೆಲ್ಲ ಉಂಡು, ಬಕಾಸುರನನ್ನೂ ಕೊಂದು, ಆಮೇಲೆ ಬಂಡೆಯ ಮೇಲೆ ಕುಳಿತು ಭೀಮನು ಸುಖವಾಗಿ ಹೊಗೆಯನ್ನು ಸೇದಿದನು ಎಂದು ಇದರ ತಾತ್ಪರ್ಯ. "ಇದು ಬ್ರಹ್ಮಾಂಡಪುರಾಣದಲ್ಲಿದೆ. ಕೈವಾರದ ಬೆಟ್ಟದಲ್ಲಿ ಆ ಬಂಡೆಯೂ ಇದೆ. ಭೀಮಸೇನನಿಗಿಂತ ನಿನ್ನ ಡಾಕ್ಟರು ದೊಡ್ಡವನೋ?" ಎಂದು ತಾತನವರು ಕೇಳಲು, ಮೊಮ್ಮಗನು ಉತ್ತರವಿಲ್ಲದೆ ಕೈಯಲ್ಲಿದ್ದ ಮೊಬೈಲಿನಲ್ಲಿ ಆ ಶ್ಲೋಕವನ್ನು ಬರೆದುಕೊಂಡನು.

ನಮ್ಮ ಬಾಯಲ್ಲಿದ್ದ ಅಡಕೆಯು ಗಂಟಲಿಗೆ ಅಡರಿತು. ಏಕೆಂದರೆ ಆ ಶ್ಲೋಕವು ಬ್ರಹ್ಮಾಂಡಪುರಾಣದ್ದಲ್ಲ. ಬೇರೆ ಯಾವ ಪುರಾಣದ್ದೂ ಅಲ್ಲ. ಅದನ್ನು ಬರೆದವರು ನಾವು.

ವಾಚಕ ಮಹಾಶಯರಲ್ಲಿ ತಪ್ಪೊಪ್ಪಿಗೆಯನ್ನು ಮಾಡಿಕೊಳ್ಳದೆ ಈಗ ಗತ್ಯಂತರವಿಲ್ಲ. ಮೂವತ್ತು ವರ್ಷಗಳಿಗೂ ಹಿಂದೆ, ನಾವು ಗೌರಿಬಿದನೂರು ತಾಲ್ಲೂಕಿನ ಒಂದು ಶಾಲೆಯಲ್ಲಿ ಸಂಸ್ಕೃತವನ್ನು ಕಲಿಸುತ್ತಿದ್ದೆವು. ಚಿಕ್ಕಬಳ್ಳಾಪುರವು ೨೦೦೭ರಲ್ಲಿ ಬೇರೆ ಜಿಲ್ಲೆಯಾಯಿತಷ್ಟೆ. ಆಗ ಈ ಸೀಮೆಯೆಲ್ಲವೂ ಕೋಲಾರ ಜಿಲ್ಲೆಗೆ ಸೇರಿತ್ತು. ಶಾಲಾ ವಾರ್ಷಿಕೋತ್ಸವದ ರಾತ್ರಿ ಉಪಾಧ್ಯಾಯರೂ ಏನಾದರೊಂದು ವಿನೋದವನ್ನು ಪ್ರದರ್ಶಿಸಬೇಕೆಂದು ಮುಖ್ಯೋಪಾಧ್ಯಾಯರು ಅಪ್ಪಣೆ ಮಾಡಿದರು. ಹಾಡಲು ಕಂಠವಿಲ್ಲ, ಕುಣಿಯಲು ಕಾಲಿಲ್ಲ. ನಮಗಿದ್ದ ಬಂಡವಾಳವೆಂದರೆ ಅನುಷ್ಟುಪ್ ಛಂದಸ್ಸು ಒಂದೇ. ಶಾಲೆಯ ಎದುರಿನ ಅಂಗಡಿಯ ಜಗಲಿಯಲ್ಲಿ ಪ್ರತಿದಿನವೂ ಚುಟ್ಟಾ ಸೇದುತ್ತ, "ಇದು ಋಷಿಗಳ ಕಾಲದ್ದು" ಎಂದು ವಾದಿಸುತ್ತಿದ್ದ ಮಹನೀಯರ ಗುಂಪೊಂದಿತ್ತು. ಅವರನ್ನು ನಗೆಗೀಡುಮಾಡಲೆಂದು ನಾವು 'ಧೂಮಮಾಹಾತ್ಮ್ಯ'ವೆಂಬ ಹನ್ನೆರಡು ಶ್ಲೋಕಗಳ ಸ್ಥಳಪುರಾಣವನ್ನು ಹೊಸೆದು, ಕಾವಿಯ ಶಾಲನ್ನು ಹೊದೆದು, ಪುರಾಣಿಕರಂತೆ ವ್ಯಾಖ್ಯಾನಮಾಡಿದೆವು. ಜನರು ಹೊಟ್ಟೆ ಹಿಡಿದುಕೊಂಡು ನಕ್ಕರು. ಜಗಲಿಯ ಮಹನೀಯರು ಮಾತ್ರ ನಗಲಿಲ್ಲ. ಅವರು ಶ್ಲೋಕಗಳನ್ನು ಬರೆದುಕೊಂಡು ಹೋದರು! ಹಾಸ್ಯವು ಯಾರ ಮೇಲೆ ಬೀಳಬೇಕಾಗಿತ್ತೋ ಅವರೇ ಅದನ್ನು ಪ್ರಮಾಣವೆಂದು ಸ್ವೀಕರಿಸಿಬಿಟ್ಟರೆ ಹಾಸ್ಯಗಾರನ ಗತಿಯೇನು?

ಆ ಮಾಹಾತ್ಮ್ಯದ ಸಾರವನ್ನು ಇಲ್ಲಿ ಹೇಳಿಬಿಡುತ್ತೇವೆ; ಮುಂದೆ ಯಾರಾದರೂ ಇದನ್ನು ವ್ಯಾಸರ ತಲೆಗೆ ಕಟ್ಟಿದರೆ ವಾಚಕರು ನಮ್ಮ ಹೆಸರನ್ನು ಹೇಳಬಹುದು. ಕೈವಾರವೇ ಭಾರತದ ಏಕಚಕ್ರಪುರವೆಂದು ಪ್ರತೀತಿಯುಂಟಷ್ಟೆ. ಅಲ್ಲಿ ಭೀಮನು ಊಟಮಾಡಿದ ಮೇಲೆ ಸೇದಿದ ಚುಟ್ಟಾವು ತಾಳೆಯ ಮರದಷ್ಟು ಉದ್ದವಾಗಿತ್ತೆಂದೂ, ಅದಕ್ಕೆ ಬೆಂಕಿ ತಾಗಿಸಲು ಏಳು ಮಂದಿ ಬೇಕಾದರೆಂದೂ, ಧರ್ಮರಾಯನು ಬರುವುದನ್ನು ಕಂಡು ಭೀಮನು ಅದನ್ನು ಬೆನ್ನ ಹಿಂದೆ ಅಡಗಿಸಿಕೊಳ್ಳಲು ಕಾಡೊಂದು ಸುಟ್ಟುಹೋಯಿತೆಂದೂ ನಾವು ವರ್ಣಿಸಿದ್ದೆವು. ಎರಡನೆಯ ಪ್ರಕರಣವು ವಿದುರಾಶ್ವತ್ಥಕ್ಕೆ ಸಂಬಂಧಿಸಿದ್ದು. ಕೌರವಸಭೆಯಲ್ಲಿ ನೂರು ಮಂದಿ ಸೇದಿದ ಹೊಗೆಯನ್ನು ತಾಳಲಾರದೆ ಮಹಾತ್ಮನಾದ ವಿದುರನು ಶುದ್ಧವಾಯುವನ್ನು ಅರಸಿಕೊಂಡು ದಕ್ಷಿಣಕ್ಕೆ ಬಂದು ಅಶ್ವತ್ಥವನ್ನು ನೆಟ್ಟನಂತೆ. ಮೂರನೆಯದು ನಂದಿಯ ಬೆಟ್ಟ. ೧೮೩೪ರಿಂದ ೧೮೬೧ರವರೆಗೆ ಮೈಸೂರಿನ ಕಮಿಷನರಾಗಿದ್ದ ಕಬ್ಬನ್ ಸಾಹೇಬರು ಬೇಸಗೆಯಲ್ಲಿ ನಂದಿಯ ಮೇಲೆ ವಾಸಮಾಡುತ್ತಿದ್ದರೆಂಬುದು ನಿಜ. ಅವರ ಬಂಗಲೆ ಇಂದಿಗೂ ಅಲ್ಲಿದೆ. ಬೆಟ್ಟದ ಮೇಲೆ ಬೆಳಗಿನ ಜಾವದಲ್ಲಿ ಕವಿಯುವ ಮಂಜು ಮಂಜಲ್ಲ, ಕಬ್ಬನ್ ಸಾಹೇಬರು ಸೇದಿ ಬಿಟ್ಟ ಸಿಗಾರಿನ ಹೊಗೆಯು ಇಳಿಯಲು ದಾರಿ ಕಾಣದೆ ಅಲ್ಲಿಯೇ ನಿಂತಿದೆ ಎಂಬುದು ಮಾತ್ರ ನಮ್ಮ ಸಂಶೋಧನೆ.

ನಾಲ್ಕನೆಯ ಪ್ರಕರಣವನ್ನು ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಮೇಲೆ ಬರೆಯಲು ಕುಳಿತೆವು. ಎರಡು ರಾತ್ರಿ ಕುಳಿತರೂ ಒಂದು ಪಾದವೂ ಹೊರಡಲಿಲ್ಲ. ಭೀಮನ ಬಾಯಿಗೆ ಚುಟ್ಟಾ ಇಟ್ಟ ನಮ್ಮ ಕೈಯು ಆ ಪೇಟದ ಎದುರಿಗೆ ಸೋತಿತು. ಸುಳ್ಳಿಗೂ ಒಂದು ಸಂಕೋಚವಿರುವುದೆಂದು ಆಗ ತಿಳಿಯಿತು.

ಇಲ್ಲಿ ಒಂದು ಮಾತು. ವಿದುರಾಶ್ವತ್ಥದಲ್ಲಿ ೧೯೩೮ನೆಯ ಇಸವಿ ಏಪ್ರಿಲ್ ೨೫ರಂದು ಧ್ವಜಸತ್ಯಾಗ್ರಹಕ್ಕಾಗಿ ನೆರೆದ ಜನರ ಮೇಲೆ ಪೋಲೀಸರು ಗುಂಡು ಹಾರಿಸಿದರು. ಬಡ ಗ್ರಾಮಸ್ಥರು ಅನೇಕರು ಅಲ್ಲಿಯೇ ಪ್ರಾಣಬಿಟ್ಟರು. ಆಮೇಲೆ ದಿವಾನ್ ಮಿರ್ಜಾ ಇಸ್ಮಾಯಿಲರಿಗೂ ವಲ್ಲಭಭಾಯಿ ಪಟೇಲರಿಗೂ ಒಪ್ಪಂದವಾಗಿ ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ಸಿನ ಧ್ವಜವನ್ನು ಹಾರಿಸಲು ಅವಕಾಶವಾಯಿತು. ಚಿಂತಾಮಣಿಯ ಛತ್ರದಲ್ಲಿ ನಾವು ಆ ತರುಣನನ್ನು ಈ ವಿಷಯವಾಗಿ ಕೇಳಿದೆವು. ಅವನಿಗೆ ಇಸವಿಯೂ ತಿಳಿಯದು, ಸಂಗತಿಯೂ ತಿಳಿಯದು. ಭೀಮನ ಚುಟ್ಟಾದ ಉದ್ದವನ್ನು ಮಾತ್ರ ಅವನು ಆಗಲೇ ಕಂಠಪಾಠಮಾಡಿದ್ದನು. ಅಂದಿನಿಂದ ನಮಗೆ ಆ ಹನ್ನೆರಡು ಶ್ಲೋಕಗಳು ಮುಳ್ಳಾಗಿ ಚುಚ್ಚತೊಡಗಿದವು.

ಆದುದರಿಂದ ಸುಳ್ಳನ್ನು ಹೇಳಿದ ಬಾಯಿಂದಲೇ ನಿಜವನ್ನೂ ಹೇಳುವೆವು. ಹೊಗೆಸೊಪ್ಪು ನಮ್ಮ ದೇಶದ ಗಿಡವಲ್ಲ, ಅಮೆರಿಕಾ ಖಂಡದ್ದು. ೧೪೯೨ರಲ್ಲಿ ಕೊಲಂಬಸನು ಕ್ಯೂಬಾ ದ್ವೀಪವನ್ನು ಮುಟ್ಟಿದಾಗ, ಅವನು ಒಳನಾಡಿಗೆ ಕಳುಹಿಸಿದ ದೂತರಿಬ್ಬರು ಅಲ್ಲಿಯ ಜನರು ಸುರುಳಿ ಸುತ್ತಿದ ಎಲೆಗೆ ಕೊಳ್ಳಿಯಿಟ್ಟು ಹೊಗೆ ಕುಡಿಯುವುದನ್ನು ಕಂಡು ಬೆರಗಾಗಿ ಬಂದು ಹೇಳಿದರು. ಅಂದ ಮೇಲೆ ಭೀಮನ ಮಾತಿರಲಿ, ವಿಜಯನಗರವನ್ನು ಕಟ್ಟಿದ ಹರಿಹರ ಬುಕ್ಕರು ಕೂಡ ಚುಟ್ಟಾ ಎಂಬುದರ ವಾಸನೆಯನ್ನು ಅರಿಯರು. ಮಾತುಗಳೇ ಸಾಕ್ಷಿ ನುಡಿಯುತ್ತವೆ. 'ತಮಾಖು' ಎಂಬುದು 'ತಬಾಕೊ' ಎಂಬ ಪರಂಗಿಯ ಮಾತಿಗೆ ಜನಿವಾರ ತೊಡಿಸಿದ ರೂಪ. 'ಚುಟ್ಟಾ' ಎಂಬುದರಲ್ಲಿ ತೆಲುಗಿನ ಸುತ್ತುವಿಕೆ ಇದೆ. ತಮಿಳರ 'ಸುರುಟ್ಟು' ಇಂಗ್ಲಿಷರ ಬಾಯಲ್ಲಿ 'ಚೆರೂಟು' ಆಯಿತು. ಈ ಮಾತನ್ನು 'ಚುಷ್' ಎಂಬ ಧಾತುವಿನಿಂದ ಹುಟ್ಟಿಸಲು ಪಂಡಿತರೊಬ್ಬರು ಪಾಣಿನಿಯನ್ನು ಹಿಂಡಿದುದನ್ನು ನಾವು ಕಣ್ಣಾರೆ ನೋಡಿದ್ದೇವೆ.

ಹೊಗೆಸೊಪ್ಪು ಮೊಗಲರ ಆಸ್ಥಾನವನ್ನು ಹೊಕ್ಕುದು ನಮ್ಮ ಕರ್ನಾಟಕದ ಬಿಜಾಪುರದಿಂದಲೇ ಎಂಬುದನ್ನು ಬಹಳ ಮಂದಿ ಅರಿಯರು. ಅಕ್ಬರನ ಕೊನೆಯ ದಿನಗಳಲ್ಲಿ, ಎಂದರೆ ೧೬೦೪-೦೫ರ ಸುಮಾರಿನಲ್ಲಿ, ಅವನ ಅಧಿಕಾರಿಯಾದ ಅಸದ್ ಬೇಗನು ಬಿಜಾಪುರದ ಇಬ್ರಾಹಿಂ ಆದಿಲಶಾಹನಲ್ಲಿಗೆ ರಾಯಭಾರಹೋಗಿದ್ದನು. ಅಲ್ಲಿ ಈ ಸೊಪ್ಪನ್ನು ಮೊಟ್ಟಮೊದಲು ಕಂಡು, ಹಿಂದಿರುಗುವಾಗ ಒಂದಷ್ಟನ್ನು ತಂದನು. ಸುಮ್ಮನೆ ತರಲಿಲ್ಲ. ಆಚಿನ್ ದೇಶದ ಮೂರು ಮೊಳದ ಕೊಳವೆ, ಅದರ ಎರಡು ತುದಿಗೂ ರತ್ನಗಳು, ಬಾಯಿಗಿಡುವ ಕಡೆ ಯೆಮನ್ನಿನ ಕೆಂಪು ಕಲ್ಲು, ಸೊಪ್ಪನ್ನು ಸುಡಲು ಚಿನ್ನದ ಚಿಲುಮೆ, ಇವೆಲ್ಲವನ್ನೂ ಬೆಳ್ಳಿಯ ತಟ್ಟೆಯಲ್ಲಿಟ್ಟು ಬಾದಶಹನಿಗೆ ಕಾಣಿಕೆಯೊಪ್ಪಿಸಿದನು. ವಿಷವನ್ನಾದರೂ ಇಷ್ಟು ಅಲಂಕರಿಸಿ ತಂದರೆ ಬೇಡವೆನ್ನುವುದು ಕಷ್ಟ. ಅಕ್ಬರನು ಎರಡು ಮೂರು ಸಲ ಸೇದಿದನು. ಆಸ್ಥಾನ ವೈದ್ಯನು ಗಾಬರಿಯಿಂದ ತಡೆದನು. ಆಗ ನಡೆದ ಚರ್ಚೆಯನ್ನು ಅಸದ್ ಬೇಗನೇ ತನ್ನ ವೃತ್ತಾಂತದಲ್ಲಿ ಬರೆದಿಟ್ಟಿದ್ದಾನೆ. ಇದರ ಪ್ರಸ್ತಾಪ ನಮ್ಮ ಗ್ರಂಥಗಳಲ್ಲಿಲ್ಲ, ಪರೀಕ್ಷಿಸದೆ ಪರಂಗಿಯವರನ್ನು ಅನುಸರಿಸಲಾಗದು ಎಂದು ವೈದ್ಯನ ವಾದ. ಲೋಕದ ಪ್ರತಿಯೊಂದು ಪದ್ಧತಿಯೂ ಒಂದು ಕಾಲಕ್ಕೆ ಹೊಸದೇ ಆಗಿತ್ತು ಎಂದು ಅಸದ್ ಬೇಗನ ಪ್ರತಿವಾದ. ಬಾದಶಹನು ಅಸದ್ ಬೇಗನ ಮಾತನ್ನು ಹೊಗಳಿದನು. ಗ್ರಂಥದಲ್ಲಿಲ್ಲವೆಂಬ ಕಾರಣಕ್ಕೆ ಹೊಸದನ್ನು ತಳ್ಳಿಬಿಟ್ಟರೆ ಮುಂದುವರಿಯುವುದೆಂತು ಎಂದೂ ಕೇಳಿದನು. ಹೊಗಳಿದನಾದರೂ ತಾನು ಮಾತ್ರ ಅದನ್ನು ಅಭ್ಯಾಸಮಾಡಿಕೊಳ್ಳಲಿಲ್ಲ! ಸರದಾರರು ಮಾಡಿಕೊಂಡರು, ಬೇಗನೆ ವರ್ತಕರು ಮಾರಾಟಕ್ಕೂ ತೊಡಗಿದರು. ಇಂಗ್ಲೆಂಡಿನಲ್ಲಿ ದೊರೆ ಜೇಮ್ಸನು ಹೊಗೆಸೊಪ್ಪನ್ನು ಹಳಿದು ಪುಸ್ತಕ ಬರೆದದ್ದೂ ೧೬೦೪ರಲ್ಲಿಯೇ. ೧೬೧೭ರಲ್ಲಿ ಜಹಾಂಗೀರನು ಇದನ್ನು ಯಾರೂ ಸೇದಕೂಡದೆಂದು ಆಜ್ಞೆಮಾಡಿದನು. ಆಜ್ಞೆಯ ಗತಿಯೇನಾಯಿತೆಂಬುದನ್ನು ವಾಚಕರು ಯಾವ ಬಸ್ ನಿಲ್ದಾಣದಲ್ಲಾದರೂ ನೋಡಬಹುದು.

ಅಸದ್ ಬೇಗನ ವೈದ್ಯನಿಗೆ ಇದ್ದ ಪ್ರತಿಬಂಧಕವು, ಎಂದರೆ ಗ್ರಂಥದಲ್ಲಿಲ್ಲವೆಂಬುದು, ನಮ್ಮ ಪಂಡಿತರಿಗೆ ಬಹುಕಾಲ ಉಳಿಯಲಿಲ್ಲ. ಗ್ರಂಥದಲ್ಲಿಲ್ಲದಿದ್ದರೆ ಸೇರಿಸಿದರಾಯಿತು! ಸಂಸ್ಕೃತದ ಚಾಟುಶ್ಲೋಕಗಳಲ್ಲಿ ತಮಾಖುವಿನ ಮೇಲೆ ಒಂದು ಸಣ್ಣ ಕಟ್ಟೇ ಇದೆ. ಭೂಮಿಯಲ್ಲಿ ಸಾರವಾದ ವಸ್ತು ಯಾವುದೆಂದು ಇಂದ್ರನು ಕೇಳಲು ಬ್ರಹ್ಮನು ನಾಲ್ಕು ಬಾಯಿಂದಲೂ ಇದೊಂದೇ ಹೆಸರನ್ನು ನುಡಿದನೆಂದು ಒಬ್ಬ ಕವಿಯ ಚಮತ್ಕಾರ. ಕೆಲವೆಡೆ ಹುಕ್ಕದಲ್ಲಿ, ಕೆಲವೆಡೆ ಬಾಯಲ್ಲಿ, ಕೆಲವೆಡೆ ಮೂಗಿನ ತುದಿಯಲ್ಲಿ ಮೂರು ದಾರಿಯಾಗಿ ಹರಿಯುವ ಇದನ್ನು ಗಂಗೆಗೆ ಹೋಲಿಸಿದವನು ಮತ್ತೊಬ್ಬ. 'ಆಖು' ಎಂದರೆ ಇಲಿಯಾದ್ದರಿಂದ, ಪದವನ್ನು ಒಂದು ಕಡೆ ಒಡೆದರೆ ಮೂಷಿಕವಾಹನನಾದ ಗಣಪತಿಯನ್ನು ಭಜಿಸು ಎಂದೂ, ಇನ್ನೊಂದು ಕಡೆ ಒಡೆದರೆ ಅಜ್ಞಾನವನ್ನು ಕೊಡುವ ಈ ಸೊಪ್ಪನ್ನು ಸೇವಿಸಬೇಡವೆಂದೂ ಅರ್ಥ ಬರುವಂತೆ ಬರೆದ ಮೂರನೆಯವನಿಗೆ ನಾವು ಸಾಷ್ಟಾಂಗವೆರಗುತ್ತೇವೆ. ಇವರೆಲ್ಲರೂ ನಗಿಸಲು ಬರೆದವರು. ಹೊಗೆಯ ಜಗಲಿಯಲ್ಲಿ ಮಾತ್ರ ಈ ನಗೆಯು ವೇದವಾಕ್ಯವಾಗಿಬಿಟ್ಟಿತು. ನಾವೂ ಆ ಪಂಕ್ತಿಯ ಕೊನೆಯ ಎಲೆಯಲ್ಲಿ ಕುಳಿತೆವು.

ಪೂರ್ವಪಕ್ಷದವರಿಗೆ ನ್ಯಾಯವಾಗಿ ಒಂದನ್ನು ಬಿಟ್ಟುಕೊಡಬೇಕು. ಹೊಗೆಸೊಪ್ಪು ಇರಲಿಲ್ಲ, ಧೂಮಪಾನವು ಇತ್ತು. ಚರಕಸಂಹಿತೆಯ ಸೂತ್ರಸ್ಥಾನದ ಐದನೆಯ ಅಧ್ಯಾಯದಲ್ಲಿ ಧೂಮವರ್ತಿಯ ವಿಧಾನವೇ ಇದೆ. ಪ್ರಿಯಂಗು, ಚಂದನ, ಏಲಕ್ಕಿ, ಲಾವಂಚ, ಜೇಷ್ಠಮಧು, ಗುಗ್ಗುಳ ಮೊದಲಾದುವನ್ನು ಅರೆದು, ಜೊಂಡಿನ ಕಡ್ಡಿಗೆ ಮೆತ್ತಿ, ಹೆಬ್ಬೆರಳಿನ ದಪ್ಪ, ಎಂಟಂಗುಲ ಉದ್ದ, ಜವೆಗೋಧಿಯಂತೆ ನಡುವು ಉಬ್ಬಿದ ಬತ್ತಿಯನ್ನು ಮಾಡಿ, ಒಣಗಿದ ಮೇಲೆ ಕಡ್ಡಿಯನ್ನು ಕಿತ್ತು, ತುಪ್ಪ ಸವರಿ ಹೊತ್ತಿಸಬೇಕು. ಆಕಾರವು ಸಾಕ್ಷಾತ್ ಸಿಗಾರು! ಬಾಣನ ಕಾದಂಬರಿಯಲ್ಲಿ ಶೂದ್ರಕ ಮಹಾರಾಜನು ಊಟದ ಮೇಲೆ ಧೂಮವರ್ತಿಯನ್ನು ಸೇದಿದ ಪ್ರಸ್ತಾಪವೂ ಇದೆ. ನಮ್ಮ ಭೀಮನಿಗೆ ನಾವು ಮೇಲ್ಪಂಕ್ತಿ ತೆಗೆದುಕೊಂಡದ್ದು ಅಲ್ಲಿಂದಲೇ. ಆದರೆ ಚರಕರು ಅದನ್ನು ಔಷಧವೆಂದು ಹೇಳಿ, ಕಾಲನಿಯಮವನ್ನಿಟ್ಟು, ಮೂಗಿನಿಂದ ಹೊಗೆ ಬಿಟ್ಟರೆ ಕಣ್ಣು ಕೆಡುವುದೆಂದೂ, ಮಿತಿ ಮೀರಿದರೆ ಕಿವುಡು, ಕುರುಡು, ಮೂಕತನ, ರಕ್ತಪಿತ್ತ ಬರುವುದೆಂದೂ ಎಚ್ಚರಿಸಿದ್ದಾರೆ. ಜಗಲಿಯ ಪಂಡಿತರು ಈ ಅರ್ಧವನ್ನು ಪಾಠಮಾಡುವುದಿಲ್ಲ.

ಬೇರೆ ದೇಶದವರು ಈ ವಿಷಯದಲ್ಲಿ ನಮಗಿಂತ ಕಡಮೆಯಲ್ಲ. ಇಂಗ್ಲಿಷರ ರಾಲಿ ಎಂಬ ಸರದಾರನು ಹೊಗೆ ಸೇದುತ್ತಿರಲು, ಒಡೆಯನಿಗೆ ಬೆಂಕಿ ಹತ್ತಿತೆಂದು ಸೇವಕನು ತಲೆಯ ಮೇಲೆ ನೀರು ಸುರಿದನೆಂಬುದು ಅವರ ಮನೆಮನೆಯ ಕತೆ. ಅವರ ಪತ್ತೇದಾರ ಷೆರ್ಲಾಕ್ ಹೋಮ್ಸನು ೧೮೮೭ರ ತನ್ನ ಮೊದಲ ಕತೆಯಲ್ಲಿಯೇ, ಬಿದ್ದಿದ್ದ ಬೂದಿಯನ್ನು ನೋಡಿ ಕೊಲೆಗಾರನು ತಿರುಚಿನಾಪಳ್ಳಿಯ ಚುಟ್ಟಾ ಸೇದಿದನೆಂದು ಹೇಳುತ್ತಾನೆ. ಇದರಲ್ಲಿ ಮನುಷ್ಯನು ಸುಳ್ಳು, ಚುಟ್ಟಾ ನಿಜ. ನಮ್ಮ ಜಗಲಿಗಳಲ್ಲಿ ಮನುಷ್ಯನು ನಿಜ, ಚುಟ್ಟಾ ಸುಳ್ಳು.

ಚರ್ಚಿಲನ ವಿಷಯ ಕೇಳಿ. ಅವನು ೧೮೯೬ರಲ್ಲಿ ಸೈನ್ಯದ ತರುಣಾಧಿಕಾರಿಯಾಗಿ ಬೆಂಗಳೂರಿಗೆ ಬಂದದ್ದೂ, ಅಲ್ಲಿಯ ಕ್ಲಬ್ಬಿಗೆ ಹದಿಮೂರು ರೂಪಾಯಿ ಬಾಕಿ ಉಳಿಸಿ ಹೋದದ್ದೂ, ೧೮೯೯ರಲ್ಲಿ ಅದನ್ನು ವಸೂಲಾಗದ ಬಾಕಿಯ ಪಟ್ಟಿಗೆ ಸೇರಿಸಿದ್ದೂ ದಾಖಲೆಯಲ್ಲಿದೆ. ಆ ಹದಿಮೂರು ರೂಪಾಯಿಯು ನಮ್ಮ ಸೀಮೆಯ ಚುಟ್ಟಾದ ಬಾಬ್ತೆಂದೂ, ನಂದಿಯ ತಪ್ಪಲಿನಲ್ಲಿಯೇ ಅವನು ಸೇದುವುದನ್ನು ಕಲಿತನೆಂದೂ ನಾವು ಕೇಳಿದ್ದುಂಟು. ಅವನು ಬೆಂಗಳೂರಿಗೆ ಬರುವುದಕ್ಕೆ ಮೊದಲು, ೧೮೯೫ರಲ್ಲಿ, ಯುದ್ಧವನ್ನು ನೋಡಲು ಕ್ಯೂಬಾಕ್ಕೆ ಹೋಗಿದ್ದನು. ಸಿಗಾರಿನ ಗೀಳು ಅಂಟಿದ್ದು ಅಲ್ಲಿ. ಕೊಲಂಬಸನ ದೂತರು ಹೊಗೆಯನ್ನು ಕಂಡ ದ್ವೀಪವೂ ಅದೇ ಅಲ್ಲವೆ?

ಇಷ್ಟನ್ನು ಬರೆಯುವುದಕ್ಕೆ ನಮಗೆ ಮನೆಯ ಕಾರಣವೂ ಒಂದುಂಟು. ನಮ್ಮ ತಂಗಿಯನ್ನು ಶಿಡ್ಲಘಟ್ಟದ ಕಡೆಯ ಹಳ್ಳಿಗೆ ಕೊಟ್ಟಿದೆ. ರೇಷ್ಮೆಹುಳು ಸಾಕುವ ಮನೆ. ಭಾವನವರು ನಮಗಿಂತ ಎಂಟು ವರ್ಷ ಹಿರಿಯರು, ಸಜ್ಜನರು. ದಿನಕ್ಕೆ ಐದು ಚುಟ್ಟಾ. ಎರಡು ವರ್ಷದಿಂದ ಅವರಿಗೆ ರಾತ್ರಿಯೆಲ್ಲ ಕೆಮ್ಮು. ತಂಗಿಯು ಏನಾದರೂ ಹೇಳಿದರೆ ಭೀಮಸೇನನ ಶ್ಲೋಕವನ್ನು ಹೇಳುತ್ತಾರೆ. "ಅಣ್ಣಾ, ಅದನ್ನು ಬರೆದವನು ನೀನೇ ತಾನೆ? ಬಂದು ನಿನ್ನ ಬಾಯಿಂದಲೇ ಸುಳ್ಳೆಂದು ಹೇಳು. ನನ್ನ ಮಾತು ನಡೆಯುವುದಿಲ್ಲ" ಎಂದು ಅವಳು ಹೇಳಿಕಳುಹಿಸಿದಳು. ಮೂವತ್ತು ವರ್ಷದ ಹಿಂದಿನ ನಗೆಯು ಒಡಹುಟ್ಟಿದವಳ ಮನೆಯಲ್ಲಿ ಕೆಮ್ಮುತ್ತಿದೆ ಎಂದು ತಿಳಿದ ಮೇಲೆ ನಮಗೆ ಮನೆಯಲ್ಲಿ ಕುಳಿತಿರಲಾಗಲಿಲ್ಲ.

ನಾವು ಹೋದಾಗ ಹುಳುಗಳು ನಾಲ್ಕನೆಯ ಜ್ವರದಿಂದ ಎದ್ದು ಸೊಪ್ಪು ತಿನ್ನುತ್ತಿದ್ದವು. ಹುಳುವಿನ ಮನೆಯಲ್ಲಿ ಸಣ್ಣ ಮಳೆ ಸುರಿದಂತೆ ಸದ್ದು. ಭಾವನವರು ಹಿತ್ತಿಲಲ್ಲಿ ಚುಟ್ಟಾ ಮುಗಿಸಿ, ಬಾಯಿ ಮುಕ್ಕಳಿಸಿ, ಸೋಪು ಹಚ್ಚಿ ಮೊಣಕೈಯವರೆಗೆ ತೊಳೆದು, ಅಂಗಿಯನ್ನೂ ಬದಲಾಯಿಸಿ ಒಳಕ್ಕೆ ಬಂದರು. ಹೊಗೆಸೊಪ್ಪಿನಲ್ಲಿರುವ ನಿಕೋಟಿನ್ ಎಂಬ ವಿಷವು ರೇಷ್ಮೆಹುಳುವಿಗೆ ಮೃತ್ಯು. ಹೊಗೆಸೊಪ್ಪಿನ ಹೊಲದ ಪಕ್ಕದಲ್ಲಿ ಬೆಳೆದ ಹಿಪ್ಪುನೇರಳೆ ಸೊಪ್ಪನ್ನು ಹಾಕಿದರೂ ಹುಳು ತಲೆಯೆತ್ತಿ ತೂಗಿ, ರಸ ಕಾರಿ ಬೀಳುತ್ತದೆ. ಇದು ಆ ಸೀಮೆಯ ಮಕ್ಕಳಿಗೂ ಗೊತ್ತು. "ಒಂದು ಬೆಳೆ ಹೋದರೆ ಸಾಲ ಯಾರು ತೀರಿಸುತ್ತಾರೆ ಮೇಷ್ಟ್ರೇ? ಹುಳು ಬಹಳ ಸೂಕ್ಷ್ಮ" ಎಂದರು. ಅಷ್ಟನ್ನು ಹೇಳುವಷ್ಟರಲ್ಲಿ ಮೂರು ಸಲ ಕೆಮ್ಮಿದರು.

ನಾವು ಜಗಲಿಯಲ್ಲಿ ಕುಳಿತು ವಿಷಯವನ್ನು ಎತ್ತಿದೆವು. ಶ್ಲೋಕವು ನಮ್ಮದೆಂದೂ, ಅದೊಂದು ಹಾಸ್ಯವೆಂದೂ ಹೇಳಿದೆವು. ಅವರು ನಕ್ಕು, "ವಿನಯಕ್ಕಾಗಿ ಹೇಳುತ್ತೀರಿ" ಎಂದರು. ವಿನಯದಿಂದ ವ್ಯಾಸರ ಶ್ಲೋಕವನ್ನು ತನ್ನದೆಂದು ಹೇಳಿಕೊಳ್ಳುವವನು ಯಾವ ಲೋಕದಲ್ಲಿಯೂ ಇರಲಾರನು. ನಾವು ಬಿಡಲಿಲ್ಲ. ಅದೇ ಮಾಹಾತ್ಮ್ಯದ ಮೂರನೆಯ ಶ್ಲೋಕದಲ್ಲಿ ಐದನೆಯ ಅಕ್ಷರವು ಲಘುವಾಗಿರಬೇಕಾದ ಕಡೆ ಗುರು ಬಿದ್ದಿದೆ, ವ್ಯಾಸರು ಇಂತಹ ತಪ್ಪನ್ನು ಮಾಡುವರೇ ಎಂದು ಕೇಳಿದೆವು. ಭಾವನವರು ಕ್ಷಣಕಾಲ ಯೋಚಿಸಿ, "ಆರ್ಷಪ್ರಯೋಗ" ಎಂದರು. ಆ ಮಾತನ್ನು ಅವರಿಗೆ ಕಲಿಸಿದವರೂ ನಾವೇ.

ಒಳಗಿನಿಂದ ತಂಗಿಯು ಕಾಫಿ ತಂದಿಟ್ಟಳು. "ಹುಳಕ್ಕೆ ಇಷ್ಟು ಮಡಿ ಮಾಡುತ್ತೀರಿ. ಈ ಮನೆಯಲ್ಲಿ ಹುಳಕ್ಕಿಂತ ಕಡೆಯಾದವರು ಯಾರಿದ್ದಾರೆ?" ಎಂದು ಅವರ ಮುಖವನ್ನು ನೋಡದೆ ಹೇಳಿ ಒಳಗೆ ಹೋದಳು. ಭಾವನವರು ಕಾಫಿಯನ್ನು ಮುಟ್ಟದೆ ಬಹಳ ಹೊತ್ತು ಸುಮ್ಮನಿದ್ದರು.

ಆ ರಾತ್ರಿ ಅವರ ಕೆಮ್ಮು ಗೋಡೆಯಾಚೆ ಕೇಳುತ್ತಿರಲು, ನಾವು ನಿದ್ರೆ ಬಾರದೆ ದೀಪ ಹಾಕಿಕೊಂಡು ಹೊಸದೊಂದು ಶ್ಲೋಕವನ್ನು ಬರೆದೆವು. ಸೊಪ್ಪು ತಿಂದು ರೇಷ್ಮೆ ಕೊಡುವ ಹುಳುವು ಯಾವ ಸೊಪ್ಪನ್ನು ಮುಟ್ಟಲಾರದೋ ಅದನ್ನು, ರೇಷ್ಮೆಯನ್ನು ಉಡುವವನು ಹೇಗೆ ಮುಟ್ಟಿಯಾನು ಎಂದು ಅದರ ಭಾವ. ಈ ಸಲ ಐದನೆಯ ಅಕ್ಷರವನ್ನು ನಾಲ್ಕು ಪಾದದಲ್ಲಿಯೂ ಎರಡೆರಡು ಸಲ ಎಣಿಸಿದೆವು. ಬೆಳಗಾಗುತ್ತಲೇ ಒಳ್ಳೆಯ ಕಾಗದದ ಮೇಲೆ ಬರೆದು ಅವರ ಕೈಗೆ ಕೊಟ್ಟೆವು. ಅವರು ಕನ್ನಡಕವನ್ನು ಹಾಕಿಕೊಂಡು ಎರಡು ಬಾರಿ ಓದಿದರು. ಅರ್ಥವನ್ನು ಕೇಳಿ ತಿಳಿದುಕೊಂಡರು. ಆಮೇಲೆ, "ಬಹಳ ಚೆನ್ನಾಗಿದೆ ಮೇಷ್ಟ್ರೇ. ಯಾವ ಪುರಾಣದ್ದು?" ಎಂದು ಕೇಳಿದರು.

ನಾಲಗೆಯ ತುದಿಗೆ ಬ್ರಹ್ಮಾಂಡಪುರಾಣವು ಬಂದಿತ್ತು. ಒಂದು ಮಾತು ಸಾಕಾಗಿತ್ತು. ಬಹುಶಃ ಕೆಮ್ಮೂ ನಿಲ್ಲುತ್ತಿತ್ತೇನೋ. ಬಾಗಿಲಲ್ಲಿ ತಂಗಿಯು ನಿಂತಿದ್ದಳು. "ಯಾವ ಪುರಾಣದ್ದೂ ಅಲ್ಲ, ನಮ್ಮದು. ನಿನ್ನೆ ರಾತ್ರಿ ಬರೆದದ್ದು" ಎಂದೆವು.

ಅವರು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಚುಟ್ಟಾದ ಡಬ್ಬಿಯೊಳಗೆ ಇಟ್ಟುಕೊಂಡರು. ದಿನಕ್ಕೆ ಐದು ಇದ್ದದ್ದು ಈಗ ಎರಡಾಗಿದೆ ಎಂದು ಹೋದ ವಾರ ತಂಗಿಯ ಸಮಾಚಾರ ಬಂದಿತು. ಕಾಗದವು ಡಬ್ಬಿಯಲ್ಲಿಯೇ ಇದೆಯಂತೆ.